ಕೂದಲು ಉದುರುವಿಕೆ: ಆಯುರ್ವೇದ ಹೇಳುವುದೇನು?

ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಸೇರಿದಲ್ಲಿ ಊರಿನ ಸುದ್ದಿ, ಮಕ್ಕಳ ವಿದ್ಯಾಭ್ಯಾಸ ಮತ್ತು ವರ್ಗಾವಣೆಗಳ ಪ್ರಸ್ತಾಪವಾದ ಅನಂತರ ಬರುವ ವಿಷಯಗಳಲ್ಲಿ ತಲೆಗೂದಲೂ ಒಂದು. "ಈ ಊರಿನ ನೀರು ನಮಗೆ ಹಿಡಿಸಲಿಲ್ಲ, ಕೂದಲೆಲ್ಲ ಹೋಯಿತು" ಎಂಬ ಮಾತನ್ನು ವಡೋದರಾ, ಅಹಮದಾಬಾದ್, ಸೂರತ್ ನಗರಗಳ ನಮ್ಮವರ ಮನೆಗಳಲ್ಲಿ ಕೇಳದವರು ವಿರಳ. ಸಂಸ್ಕೃತದಲ್ಲಿ 'ಅಲಕ' ಎಂದರೆ ಮುಂಗುರುಳು. ಅಲಕಾಪುರಿ ಎಂಬ ಹೆಸರಿನ ಬಡಾವಣೆಯಲ್ಲಿ ವಾಸವಾಗಿದ್ದುಕೊಂಡು ಮುಂಗುರುಳಿಗಾಗಿಯೇ ಚಿಂತಿಸಬೇಕಾಗಿ ಬಂದಿರುವುದು ವಿನೋದದ ಸಂಗತಿಯೇ ಸರಿ.

ಈ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದ ಪದವೀಧರ, ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ. ಆದರೂ ಚರಕ, ಸುಶ್ರುತ, ವಾಗ್ಭಟರ ಗ್ರಂಥಗಳನ್ನು ಅನುವಾದಗಳ ಮೂಲಕ ಓದಿ, ಪರಿಚಿತ ವೈದ್ಯರಲ್ಲಿ ಸಂದೇಹಗಳನ್ನು ಪರಿಹರಿಸಿಕೊಂಡು, ವಾಚಕರ ಉಪಯೋಗಕ್ಕಾಗಿ ಕೆಲವು ವಿಚಾರಗಳನ್ನು ಇಲ್ಲಿ ಸಂಗ್ರಹಿಸಿದ್ದೇನೆ. ಯಾವ ಎಣ್ಣೆ ಹಚ್ಚಬೇಕೆಂಬುದು ನಾವೆಲ್ಲರೂ ಕೇಳುವ ಮೊದಲ ಪ್ರಶ್ನೆ. ಆಯುರ್ವೇದದಲ್ಲಿ ಅದು ಕೊನೆಯ ಪ್ರಶ್ನೆ. ಕೂದಲು ಏಕೆ ಉದುರುತ್ತಿದೆ ಎಂಬ ನಿದಾನವೇ ಅಲ್ಲಿ ಮೊದಲನೆಯದು.

ಉದುರುವ ಕೂದಲಿನ ಲೆಕ್ಕ

ಉದುರುವಿಕೆಯೆಲ್ಲ ರೋಗವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ, ಬಳಿಕ ಸುಮಾರು ನೂರು ದಿನ ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ರಂಧ್ರದಿಂದ ಹೊಸದು ಹುಟ್ಟುತ್ತದೆ. ಯಾವುದೇ ಸಮಯದಲ್ಲಿ ಶೇಕಡ 10ರಷ್ಟು, ಅಂದರೆ ಹತ್ತು ಸಾವಿರ ಕೂದಲುಗಳು ಈ ವಿಶ್ರಾಂತಿಯಲ್ಲಿರುತ್ತವೆಂದು ಹಿಡಿದರೆ, ಅವನ್ನು ನೂರು ದಿನಗಳಿಂದ ಭಾಗಿಸಿದಾಗ ದಿನಕ್ಕೆ ನೂರು ಕೂದಲು ಉದುರುವುದು ಸಹಜವೆಂದಾಯಿತು. ಖರ್ಚಿನಷ್ಟೇ ಜಮೆಯೂ ಇರುವವರೆಗೆ ಖಾತೆಗೆ ಬಾಧಕವಿಲ್ಲ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡೊಡನೆ ಗಾಬರಿಯಾಗುವವರು ಈ ಲೆಕ್ಕವನ್ನು ನೆನೆಯಬಹುದು.

ವಿಷಮಜ್ವರ, ಡೆಂಗಿ, ದೊಡ್ಡ ಶಸ್ತ್ರಚಿಕಿತ್ಸೆ, ಹೆರಿಗೆ, ಕಟ್ಟುನಿಟ್ಟಿನ ಉಪವಾಸ ಅಥವಾ ತೀವ್ರವಾದ ಮನೋವ್ಯಥೆಯಾದಾಗ ಬೆಳೆಯುತ್ತಿರುವ ಕೂದಲುಗಳಲ್ಲಿ ಅನೇಕವು ಅವಧಿಗೆ ಮೊದಲೇ ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ಬಳಿಕ ಹಿಡಿಹಿಡಿಯಾಗಿ ಉದುರುತ್ತವೆ. 2020 ಮತ್ತು 2021ರಲ್ಲಿ ಕೋವಿಡ್ ಬಂದುಹೋದ ಅನೇಕರಿಗೆ ಆದದ್ದು ಇದೇ. ಜ್ವರ ಬಿಟ್ಟು ಬಹಳ ದಿನಗಳಾಗಿರುವುದರಿಂದ ಜ್ವರಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯಾರಿಗೂ ತೋಚುವುದಿಲ್ಲ. ಅಪವಾದವೆಲ್ಲ ನೀರಿನ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ಈ ಕೂದಲು ತಾನಾಗಿಯೇ ಮರಳಿ ಬರುತ್ತದೆ. ಆ ಅವಧಿಯಲ್ಲಿ ಯಾವ ಎಣ್ಣೆಯನ್ನು ಹಚ್ಚುತ್ತಿದ್ದರೋ ಆ ಎಣ್ಣೆಗೆ ಕೀರ್ತಿ ಸಲ್ಲುತ್ತದೆ.

ನೀರಿನ ಪ್ರಶ್ನೆಯನ್ನೂ ಇಲ್ಲಿಯೇ ಮುಗಿಸಬಹುದು. ವಡೋದರಾ ನಗರಕ್ಕೆ ಆಜವಾದ ಸಯಾಜಿ ಸರೋವರದಿಂದಲೂ ಮಹೀ ನದಿಯಿಂದಲೂ ನೀರು ಬರುತ್ತದೆ. ವಸತಿ ಸಮುಚ್ಚಯಗಳಲ್ಲಿ ಕೊಳವೆ ಬಾವಿಯ ಗಡಸು ನೀರೂ ಸೇರುತ್ತದೆ. ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ನೊರೆಯಾಗದೆ, ಜಿಡ್ಡಾದ ಲೇಪವೊಂದು ಕೂದಲಿಗೆ ಅಂಟಿಕೊಂಡು ಅದನ್ನು ಒರಟಾಗಿಸುವುದು ನಿಜ. ಒರಟಾದ ಕೂದಲು ನಡುವೆ ತುಂಡಾಗುತ್ತದೆಯೇ ಹೊರತು ಬುಡದಿಂದ ಬರುವುದಿಲ್ಲ. ಬಿದ್ದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ: ಒಂದು ತುದಿಯಲ್ಲಿ ಸಣ್ಣ ಬಿಳಿಯ ಗಂಟು ಇದ್ದರೆ ಅದು ಬುಡದಿಂದ ಉದುರಿದ್ದು, ಕಾರಣ ದೇಹದೊಳಗಿದೆ, ಗಂಟಿಲ್ಲದಿದ್ದರೆ ತುಂಡಾದದ್ದು, ನೀರನ್ನೋ ಬಾಚಣಿಗೆಯನ್ನೋ ಬಣ್ಣವನ್ನೋ ದೂರಬಹುದು.

ಸಂಹಿತೆಗಳ ವಿವರಣೆ

ನಮ್ಮ ಪ್ರಾಚೀನರು ಕೇಶರೋಗಗಳನ್ನು ಒಂದೇ ಹೆಸರಿನಲ್ಲಿ ಸೇರಿಸಲಿಲ್ಲ. ಕೂದಲು ಉದುರಿ ತಲೆ ಬೋಳಾಗುವುದು ಖಾಲಿತ್ಯ. ಅಕಾಲದಲ್ಲಿ ನರೆಯುವುದು ಪಾಲಿತ್ಯ. ತಲೆಯ ಚರ್ಮ ಒಣಗಿ ಹೊಟ್ಟೇಳುವುದು ದಾರುಣಕ. ಇಂದ್ರಲುಪ್ತವೆಂಬ ಹೆಸರನ್ನು ಇಂದಿನ ವೈದ್ಯರು ಹೆಚ್ಚಾಗಿ ದುಂಡು ದುಂಡಾದ ಮಚ್ಚೆಗಳಂತೆ ಕೂದಲು ಹೋಗುವುದಕ್ಕೆ ಬಳಸುತ್ತಾರೆ. ನಮ್ಮಲ್ಲಿ ಇದನ್ನು ಹುಳು ತಿಂದದ್ದೆನ್ನುವರು, ಗುಜರಾತಿಯಲ್ಲಿ 'ಉಂದರೀ' ಎನ್ನುವರು, ಅಂದರೆ ಇಲಿ ಕಡಿದದ್ದು. ವಾಸ್ತವವಾಗಿ ಹುಳುವೂ ಇಲ್ಲ, ಇಲಿಯೂ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ತಪ್ಪು ತಿಳಿದು ಕೂದಲ ಬುಡವನ್ನು ಆಕ್ರಮಿಸುವುದೇ ಇದಕ್ಕೆ ಕಾರಣವೆಂದು ಈಗ ತಿಳಿದಿದೆ.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಹೇಳುವ ಹದಿಮೂರನೆಯ ಅಧ್ಯಾಯದಲ್ಲಿ ರೋಗ ಬೆಳೆಯುವ ಕ್ರಮವಿದೆ. ರೋಮಕೂಪವನ್ನು ಸೇರಿದ ಪಿತ್ತವು ವಾತದೊಡಗೂಡಿ ಕೂದಲನ್ನು ಉದುರಿಸುತ್ತದೆ. ಆಮೇಲೆ ಕಫವು ರಕ್ತದೊಡನೆ ಸೇರಿ ಆ ಕೂಪಗಳನ್ನು ಮುಚ್ಚಿಬಿಡುವುದರಿಂದ ಮತ್ತೆ ಕೂದಲು ಹುಟ್ಟುವುದಿಲ್ಲ. ಇಲ್ಲಿ ಎರಡು ಹಂತಗಳಿರುವುದನ್ನು ವಾಚಕರು ಗಮನಿಸಬೇಕು. ಉದುರುವುದು ಒಂದು, ದಾರಿ ಮುಚ್ಚುವುದು ಇನ್ನೊಂದು. ಮೊದಲ ಹಂತದಲ್ಲಿ ಮಾಡಿದ ಚಿಕಿತ್ಸೆಗೆ ಸಿಗುವ ಫಲ ಎರಡನೆಯ ಹಂತದಲ್ಲಿ ಸಿಗಲಾರದು. ವರ್ಷಗಟ್ಟಲೆ ನುಣುಪಾಗಿ ಹೊಳೆಯುತ್ತಿರುವ ನೆತ್ತಿಗೂ ಮೂರು ತಿಂಗಳಿಂದ ತೆಳುವಾಗುತ್ತಿರುವ ತಲೆಗೂ ಒಂದೇ ಸೀಸೆಯ ಎಣ್ಣೆ ಮಾರುವವನು ಸುಶ್ರುತನನ್ನು ಓದಿಲ್ಲವೆಂದೇ ತಿಳಿಯಬೇಕು.

ಚರಕನು ಚಿಕಿತ್ಸಾಸ್ಥಾನದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತಾನೆ. ದೇಹದ ಉಷ್ಣವು ವಾತಾದಿಗಳೊಡನೆ ಸೇರಿ ಕೇಶಭೂಮಿಯನ್ನು ಸುಟ್ಟರೆ ಬೋಳು, ಅರೆಯಾಗಿ ಸುಟ್ಟರೆ ನರೆ. ಪಿತ್ತಪ್ರಕೃತಿಯವರಿಗೆ ಸುಕ್ಕು, ನರೆ, ಬೋಳು ಬೇಗನೆ ಬರುತ್ತವೆಂದೂ ಅವನ ಮತ. ಕೂದಲು ಅಸ್ಥಿಧಾತುವಿನ ಮಲರೂಪವೆಂದು ಹೇಳಿರುವುದರಿಂದ, ಮೂಳೆಯ ಪೋಷಣೆ ಕುಂದಿದರೆ ಕೂದಲೂ ಕುಂದುತ್ತದೆಂಬುದು ವೈದ್ಯರ ವಾದ. ಇನ್ನು ಗರ್ಭದಲ್ಲಿ ತಂದೆಯಿಂದ ಬರುವ ಅಂಶಗಳ ಪಟ್ಟಿಯಲ್ಲಿ ಕೂದಲು, ಮೀಸೆಗಡ್ಡ, ಉಗುರು, ಹಲ್ಲು, ಮೂಳೆಗಳನ್ನು ಚರಕನು ಸೇರಿಸಿದ್ದಾನೆ. ಬೋಳುತನವು ಬಹುಮಟ್ಟಿಗೆ ವಂಶಪಾರಂಪರ್ಯವೆಂಬುದನ್ನು ಆಧುನಿಕ ವಿಜ್ಞಾನವೂ ಒಪ್ಪುತ್ತದೆ. ಆದರೆ ಇದರ ಮುಖ್ಯ ವಂಶವಾಹಿಗಳಲ್ಲಿ ಒಂದು ಬರುವುದು ತಾಯಿಯ ಕಡೆಯಿಂದ. ಆದುದರಿಂದ ಅಪ್ಪನ ತಲೆಯನ್ನು ನೋಡಿದರೆ ಸಾಲದು, ಸೋದರಮಾವನ ತಲೆಯನ್ನೂ ನೋಡಬೇಕು. ಪುರುಷ ಹಾರ್ಮೋನಿಲ್ಲದವರಿಗೆ ಇಂತಹ ಬೋಳು ಬರುವುದಿಲ್ಲವೆಂದು ಹ್ಯಾಮಿಲ್ಟನ್ ಎಂಬ ಅಮೆರಿಕದ ವಿಜ್ಞಾನಿ 1942ರಲ್ಲಿ ತೋರಿಸಿಕೊಟ್ಟನು.

ವಾಗ್ಭಟನ ಒಂದು ಮಾತು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಮೂರು ದೋಷಗಳೂ ಕೆರಳಿ ಬಂದ ಖಾಲಿತ್ಯವು ಅಸಾಧ್ಯವೆಂದೂ, ನುಣುಪಾಗಿ ಸುಟ್ಟಂತಾಗಿ ಕೂದಲ ಸುಳಿವೇ ಇಲ್ಲದ ತಲೆಯನ್ನು ಬಿಟ್ಟುಬಿಡಬೇಕೆಂದೂ ಅವನು ಹೇಳಿದ್ದಾನೆ. ವಸೂಲಾಗದ ಸಾಲವನ್ನು ವಸೂಲಾಗದೆಂದು ಒಪ್ಪುವ ಪ್ರಾಮಾಣಿಕತೆ ಬ್ಯಾಂಕುಗಳಲ್ಲಿಯೂ ಸುಲಭವಾಗಿ ಕಾಣಸಿಗುವುದಿಲ್ಲ.

ಸೌರಾಷ್ಟ್ರ ಮತ್ತು ಉಪ್ಪು

ಗುಜರಾತಿನಲ್ಲಿ ನೆಲಸಿದ ನಮಗೆ ವಿಶೇಷ ಸ್ವಾರಸ್ಯವುಳ್ಳ ಪ್ರಸಂಗವೊಂದು ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿದೆ. ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಬಳಸಬಾರದೆಂದು ಹೇಳುತ್ತ, ಕ್ಷಾರವನ್ನು ನಿತ್ಯವೂ ತಿನ್ನುವ ಜನರಿಗೆ ಕುರುಡು, ಬೋಳು, ನರೆ ಮುಂತಾದವು ಬರುತ್ತವೆನ್ನುತ್ತಾನೆ. ಉಪ್ಪಿಗೆ ಉದಾಹರಣೆ ಕೊಡುವಾಗ ಬಾಹ್ಲೀಕ, ಸಿಂಧು, ಸೌವೀರ ದೇಶದವರೊಡನೆ ಸೌರಾಷ್ಟ್ರದವರನ್ನೂ ಹೆಸರಿಸಿ, ಇವರು ಹಾಲಿನೊಡನೆ ಕೂಡ ಉಪ್ಪನ್ನು ಸೇವಿಸುವರೆಂದೂ, ಅತಿಯಾದ ಉಪ್ಪಿಗೆ ಒಗ್ಗಿದವರಿಗೆ ಅಕಾಲದಲ್ಲಿ ಬೋಳು, ನರೆ, ಸುಕ್ಕುಗಳು ಉಂಟಾಗುವುವೆಂದೂ ಹೇಳಿದ್ದಾನೆ. ಎರಡು ಸಾವಿರ ವರ್ಷಗಳಷ್ಟು ಹಿಂದೆ ಸೌರಾಷ್ಟ್ರದವರ ಉಪ್ಪಿನ ರುಚಿ ವೈದ್ಯಗ್ರಂಥವನ್ನು ಸೇರಿತ್ತೆಂದರೆ ಆಶ್ಚರ್ಯವಲ್ಲವೇ? ಇಂದಿಗೂ ಗಾಂಠಿಯಾಕ್ಕೆ, ಹಪ್ಪಳಕ್ಕೆ 'ಪಾಪಡ್ ಖಾರ' ಬೀಳುತ್ತದೆ, ಅದು ಕ್ಷಾರವೇ. ಆದರೆ ನಾವು ನಗುವ ಹಾಗಿಲ್ಲ. ನಮ್ಮ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಮಾವಿನ ಮಿಡಿ ಉಪ್ಪಿನಕಾಯಿಗಳ ಭರಣಿಗಳನ್ನು ಊರಿನಿಂದ ರೈಲಿನಲ್ಲಿ ಹೊತ್ತು ತಂದು, ಅದರ ಮೇಲೆ ಇಲ್ಲಿಯ ಫರಸಾಣವನ್ನೂ ಸೇರಿಸಿಕೊಂಡವರು ನಾವು. ಉಪ್ಪಿಗೂ ಬೋಳಿಗೂ ನೇರವಾದ ಸಂಬಂಧವನ್ನು ಇಂದಿನ ವಿಜ್ಞಾನ ಸ್ಥಾಪಿಸಿಲ್ಲವೆಂಬುದನ್ನು ಹೇಳಲೇಬೇಕು. ರಕ್ತದೊತ್ತಡದ ದೃಷ್ಟಿಯಿಂದ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚರಕನ ಮಾತನ್ನು ಅಷ್ಟರಮಟ್ಟಿಗೆ ಪಾಲಿಸಿದರೆ ಕೂದಲಿಗಲ್ಲದಿದ್ದರೂ ಹೃದಯಕ್ಕೆ ಲಾಭವುಂಟು.

ನಿದಾನ ತಪ್ಪಿದರೆ

ನಮ್ಮ ಪರಿಚಿತ ಕುಟುಂಬವೊಂದರ ಹತ್ತೊಂಬತ್ತು ವರ್ಷದ ಮಗಳಿಗೆ ಮೊಳಕಾಲುದ್ದದ ಜಡೆಯಿತ್ತು. ಅದು ಉದುರಲಾರಂಭಿಸಿದಾಗ ಮೊದಲು ನೀರನ್ನು ದೂರಿದರು, ಕುಡಿಯುವ ನೀರಿನಲ್ಲೇ ತಲೆ ತೊಳೆಸಿದರು. ಬಳಿಕ ಎಂಟು ತಿಂಗಳಲ್ಲಿ ಮೂರು ಬಗೆಯ ಎಣ್ಣೆಗಳನ್ನು ತರಿಸಿದರು. ಆ ವರ್ಷದ ನವರಾತ್ರಿಯಲ್ಲಿ ಹುಡುಗಿ ಗರಬಾಕ್ಕೂ ಹೋಗದೆ ಕೋಣೆಯ ಬಾಗಿಲು ಹಾಕಿಕೊಂಡಳು. ಮೆಟ್ಟಿಲು ಹತ್ತುವಾಗ ಅವಳಿಗೆ ಏದುಸಿರು ಬರುತ್ತಿದ್ದುದನ್ನು ಮನೆಯವರು ಓದಿನ ಆಯಾಸವೆಂದುಕೊಂಡಿದ್ದರು. ಕೊನೆಗೆ ನಗರದ ವೃದ್ಧ ಗುಜರಾತಿ ವೈದ್ಯರೊಬ್ಬರಲ್ಲಿಗೆ ಕರೆದೊಯ್ದಾಗ ತಾಯಿ ನಾಲ್ಕನೆಯ ಎಣ್ಣೆಯ ಹೆಸರನ್ನು ಕೇಳಿದರಂತೆ. "ಬೇನ್, ತೇಲನೀ ವಾತ ಪಛೀ" (ಅಕ್ಕಾ, ಎಣ್ಣೆಯ ಮಾತು ಆಮೇಲೆ) ಎಂದ ವೈದ್ಯರು ಹುಡುಗಿಯ ಕೆಳರೆಪ್ಪೆಯ ಒಳಭಾಗ, ಉಗುರು, ನಾಲಿಗೆಗಳನ್ನು ನೋಡಿ, ಮುಟ್ಟಿನ ವಿಚಾರವನ್ನು ತಾಯಿಯ ಮುಖಾಂತರ ಕೇಳಿ, ಇದು ಪಾಂಡುರೋಗವೆಂದು ಹೇಳಿ ರಕ್ತಪರೀಕ್ಷೆಗೆ ಕಳುಹಿಸಿದರು. ಹಿಮೋಗ್ಲೋಬಿನ್ 7.9 ಮಾತ್ರವಿತ್ತು, ಥೈರಾಯ್ಡ್ ಗ್ರಂಥಿಯ ಸ್ರಾವವೂ ಕುಂದಿತ್ತು. ತಿಂಗಳು ತಿಂಗಳೂ ಅತಿಯಾಗಿ ಹೋಗುತ್ತಿದ್ದ ರಕ್ತವೇ ಕಬ್ಬಿಣವನ್ನು ಬರಿದುಮಾಡಿತ್ತು. ವೈದ್ಯರು ಪುನರ್ನವಾ ಮಂಡೂರವನ್ನು ಕೊಟ್ಟರು. ಥೈರಾಯ್ಡಿಗೆ ಮಾತ್ರ ಆಸ್ಪತ್ರೆಯ ವೈದ್ಯರ ಮಾತ್ರೆಯನ್ನೇ ತಪ್ಪದೆ ತೆಗೆದುಕೊಳ್ಳಬೇಕೆಂದು ಕಟ್ಟಪ್ಪಣೆ ಮಾಡಿದರು. ಕೂದಲು ಉದುರುವುದು ನಿಲ್ಲಲು ನಾಲ್ಕು ತಿಂಗಳಾಯಿತು, ತುಂಬಿಕೊಳ್ಳಲು ವರ್ಷಕ್ಕೂ ಮೇಲಾಯಿತು. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್.

ಆದುದರಿಂದ ಉದುರುವಿಕೆಯ ಜತೆಯಲ್ಲಿ ಆಯಾಸ, ಏದುಸಿರು, ತೂಕದ ಏರಿಳಿತ ಅಥವಾ ಮುಟ್ಟಿನ ವ್ಯತ್ಯಾಸವಿದ್ದರೆ, ಹೆಣ್ಣುಮಕ್ಕಳಿಗೆ ಮುಖದಲ್ಲಿ ಕೂದಲು ಬರತೊಡಗಿದರೆ, ಮಕ್ಕಳ ತಲೆಯಲ್ಲಿ ಹೊಟ್ಟು ಕಟ್ಟಿ ಮಚ್ಚೆಯಾಗಿ ಕೂದಲು ತುಂಡಾಗುತ್ತಿದ್ದರೆ ಎಣ್ಣೆಗಾಗಿ ಕಾಯದೆ ಪರೀಕ್ಷೆ ಮಾಡಿಸಬೇಕು. ಮಕ್ಕಳದು ಬಹುಶಃ ಗಜಕರ್ಣದ ಜಾತಿಯ ಬೂಷ್ಟು. ಮನೆಯ ಇತರರಿಗೂ ಹರಡುತ್ತದೆ.

ಚಿಕಿತ್ಸೆಯ ಕ್ರಮ

ಖಾಲಿತ್ಯದಲ್ಲಿ ಮೊದಲು ಶರೀರಶೋಧನ, ಬಳಿಕ ನಸ್ಯ, ತೈಲ, ತಲೆಗೆ ಲೇಪ, ಇದು ಚರಕನ ಕ್ರಮ. ಪಿತ್ತವು ಪ್ರಧಾನವಾಗಿರುವುದರಿಂದ ವೈದ್ಯರು ವಿರೇಚನವನ್ನು ಕೊಡುವುದುಂಟು. ಇಂದ್ರಲುಪ್ತದಲ್ಲಿ ಸುಶ್ರುತನು ರಕ್ತಮೋಕ್ಷಣವನ್ನು ಹೇಳಿದ್ದಾನೆ. ಜಾಜಿ, ಕಣಗಿಲೆ, ಚಿತ್ರಮೂಲ, ಹೊಂಗೆಗಳಿಂದ ಪಕ್ವಮಾಡಿದ ತೈಲವನ್ನೂ ಹೇಳಿದ್ದಾನೆ. ಇವೆಲ್ಲ ವೈದ್ಯರ ಕೈಯಲ್ಲಿ ನಡೆಯಬೇಕಾದವು. ಗುಲಗಂಜಿಯ ಲೇಪವೂ ಗ್ರಂಥಗಳಲ್ಲಿ ಬರುತ್ತದೆ, ಆದರೆ ಗುಲಗಂಜಿಯ ಬೀಜವೂ ಕಣಗಿಲೆಯೂ ಘೋರವಿಷಗಳು. ಆನೆಯ ದಂತವನ್ನು ಸುಟ್ಟ ಮಸಿಯ ಲೇಪವೂ ಪ್ರಸಿದ್ಧವೇ. ಈಗ ದಂತದ ವ್ಯಾಪಾರವು ಕಾನೂನಿನಲ್ಲಿ ನಿಷಿದ್ಧವಾದ್ದರಿಂದ ಅದನ್ನು ಮಾರುತ್ತೇನೆನ್ನುವವನು ವಂಚಕನೋ ಅಪರಾಧಿಯೋ ಆಗಿರಬೇಕು.

ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದುದು ಗರುಗದ ಎಣ್ಣೆ. ಸಂಸ್ಕೃತದಲ್ಲಿ ಭೃಂಗರಾಜ, ಗುಜರಾತಿಯಲ್ಲಿ ಭಾಂಗರೋ. ಗದ್ದೆಯ ಬದುಗಳಲ್ಲಿ, ಕಾಲುವೆಯ ಅಂಚಿನಲ್ಲಿ ಬೆಳೆಯುವ ಸಣ್ಣ ಬಿಳಿಯ ಹೂವಿನ ಈ ಗಿಡದ ಕಾಂಡವನ್ನು ಜಜ್ಜಿದರೆ ರಸವು ಗಾಳಿಗೆ ಕಪ್ಪಾಗುತ್ತದೆ, ಇದೇ ಗುರುತು. ಶಾಸ್ತ್ರೋಕ್ತ ಪ್ರಮಾಣ ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು, ದ್ರವ ಹದಿನಾರು. ಅಂದರೆ 250 ಮಿಲಿಲೀಟರ್ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ ಒಂದು ಲೀಟರ್ ಗರುಗದ ರಸ, ಬೆಟ್ಟದ ನೆಲ್ಲಿ ಮತ್ತು ಜ್ಯೇಷ್ಠಮಧುವನ್ನು ಅರೆದ ಕಲ್ಕ ಸುಮಾರು 60 ಗ್ರಾಂ. ದಪ್ಪ ತಳದ ಪಾತ್ರೆಯಲ್ಲಿ ಎಲ್ಲವನ್ನೂ ಬೆರೆಸಿ, ಮಂದವಾದ ಉರಿಯಲ್ಲಿ, ತಳ ಹಿಡಿಯದಂತೆ ಕೈಯಾಡಿಸುತ್ತ ನೀರಿನಂಶವೆಲ್ಲ ಇಂಗುವವರೆಗೆ ಕಾಯಿಸಬೇಕು. ಅವಸರ ಸಲ್ಲದು, ಅರ್ಧ ದಿನ ಹಿಡಿಯುತ್ತದೆ. ಪಾಕ ಸಿದ್ಧವಾದುದರ ಲಕ್ಷಣಗಳನ್ನು ಗ್ರಂಥಗಳು ಸ್ಪಷ್ಟವಾಗಿ ಹೇಳಿವೆ: ಎಣ್ಣೆಯ ಮೇಲೆ ನೊರೆಯೇಳುತ್ತದೆ, ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗುತ್ತದೆ, ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಚಟ ಸದ್ದು ಬರುವುದಿಲ್ಲ. ಸದ್ದು ಬಂದರೆ ನೀರು ಉಳಿದಿದೆ, ಎಣ್ಣೆ ಬೇಗ ಕೆಡುತ್ತದೆ. ಕೇರಳದ ವೈದ್ಯಪದ್ಧತಿಯ ನೀಲಿಭೃಂಗಾದಿ ತೈಲವೂ ಇದೇ ಕುಟುಂಬದ್ದು. ಅದರಲ್ಲಿ ನೀಲಿಗಿಡದ ರಸ, ತೆಂಗಿನ ಹಾಲು, ಆಡು, ಹಸು, ಎಮ್ಮೆಗಳ ಹಾಲು ಸೇರುತ್ತವೆ. ಅದನ್ನು ಅಂಗಡಿಯಲ್ಲಿ ಕೊಳ್ಳುವುದೇ ಸುಲಭ.

ಇದರಿಂದ ಏನನ್ನು ನಿರೀಕ್ಷಿಸಬಹುದು? ನಿತ್ಯವೂ ತಲೆಗೆ ಎಣ್ಣೆ ಹಾಕುವವನಿಗೆ ತಲೆನೋವು, ಬೋಳು, ನರೆಗಳು ಬಾರವೆಂದು ಚರಕನು ದಿನಚರ್ಯೆಯಲ್ಲಿ ಹೇಳಿದ್ದಾನೆ. ಇಂದಿನ ಪರೀಕ್ಷೆಗಳ ಪ್ರಕಾರ ಕೊಬ್ಬರಿ ಎಣ್ಣೆಯು ಕೂದಲಿನ ಎಳೆಯೊಳಗೆ ಇಳಿದು ತೊಳೆಯುವಾಗ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆ ಮತ್ತು ಖನಿಜತೈಲಕ್ಕೆ ಈ ಗುಣವಿಲ್ಲವೆಂದು 2003ರಲ್ಲಿ ಪ್ರಕಟವಾಯಿತು. ಗರುಗವು ಕೂದಲ ಬೆಳವಣಿಗೆಯನ್ನು ಚುರುಕುಗೊಳಿಸುವುದನ್ನು ಇಲಿಗಳಲ್ಲಿ ತೋರಿಸಿದ್ದಾರೆ, ಆದರೆ ಮನುಷ್ಯರು ಇಲಿಗಳಲ್ಲ. ಎಳೆಯನ್ನು ಕಾಪಾಡಲು, ಚರ್ಮವನ್ನು ಮೃದುವಾಗಿಡಲು, ರಾತ್ರಿ ನಿದ್ರೆ ತರಲು ಇದು ಉತ್ತಮ. ಮುಚ್ಚಿಹೋದ ಕೂಪವನ್ನು ಇದು ತೆರೆಯಲಾರದೆಂಬುದು ನನ್ನ ಅಭಿಪ್ರಾಯ. ವಂಶಪಾರಂಪರ್ಯವಾಗಿ ಬಂದ ಬೋಳಿನ ಆರಂಭದಲ್ಲಿ ಮಿನಾಕ್ಸಿಡಿಲ್ ಎಂಬ ಲೇಪನದ್ರವವು ಉಪಯುಕ್ತವೆಂದು ಅಮೆರಿಕದಲ್ಲಿ 1988ರಲ್ಲಿ ಮನ್ನಣೆ ಪಡೆಯಿತು. ಅದನ್ನು ಬಿಟ್ಟೊಡನೆ ಲಾಭವೂ ಹೋಗುತ್ತದೆ.

ಎಣ್ಣೆಯನ್ನು ಉಗುರು ತಾಕಿಸದೆ ಬೆರಳ ತುದಿಯಿಂದ ತಿಕ್ಕಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ವಾರಕ್ಕೆ ಎರಡು ಮೂರು ಸಲ ತೊಳೆದರೆ ಸಾಕು. ನೆಗಡಿ, ಜ್ವರ, ಅಜೀರ್ಣವಿದ್ದಾಗ ಅಭ್ಯಂಗ ಕೂಡದು. ತಲೆಹೊಟ್ಟು ಹೆಚ್ಚಾಗಿರುವವರು ರಾತ್ರಿಯೆಲ್ಲ ಎಣ್ಣೆ ಬಿಟ್ಟುಕೊಂಡರೆ ಹೊಟ್ಟು ಬಲಿಯುತ್ತದೆಯೇ ಹೊರತು ಹೋಗುವುದಿಲ್ಲ. ಬಿಸಿನೀರು ಕುತ್ತಿಗೆಯಿಂದ ಕೆಳಕ್ಕೆ ಬಲದಾಯಕ, ತಲೆಯ ಮೇಲೆ ಸುರಿದರೆ ಕೂದಲಿಗೂ ಕಣ್ಣಿಗೂ ಹಾನಿಕರವೆಂಬ ವಾಗ್ಭಟನ ವಚನವನ್ನು ಚಳಿಗಾಲದಲ್ಲಿ ಗೀಸರಿನ ಕೆಳಗೆ ನಿಲ್ಲುವವರು ನೆನಪಿಡಬೇಕು. ಸೀಗೆಗೆ ಇಲ್ಲಿಯೂ ಶಿಕಾಕಾಯಿ ಎಂದೇ ಹೆಸರು. ಅಂಟುವಾಳಕ್ಕೆ ಅರೀಠಾ, ಜ್ಯೇಷ್ಠಮಧುವಿಗೆ ಜೇಠೀಮಧ, ದಾಸವಾಳಕ್ಕೆ ಜಾಸೂದ. ನಮ್ಮ ಗ್ರಂದಿಗೆ ಅಂಗಡಿಗೆ ಸಮನಾದುದು ಇಲ್ಲಿ ಗಾಂಧೀ ಅಂಗಡಿ. ಅಲ್ಲಿ ಇವೆಲ್ಲ ದೊರೆಯುತ್ತವೆ. ಆಹಾರದಲ್ಲಿ ರಾಗಿ, ಎಳ್ಳು, ಹಾಲು, ನುಗ್ಗೆಸೊಪ್ಪು, ಬೇಳೆಕಾಳುಗಳಿಗೆ ಅವಕಾಶವಿರಲಿ. ಪೂರ್ಣ ಸಸ್ಯಾಹಾರಿಗಳು ಊಟದೊಡನೆ ನಿಂಬೆಯನ್ನೋ ನೆಲ್ಲಿಯನ್ನೋ ಸೇವಿಸಿದರೆ ಸೊಪ್ಪಿನ ಕಬ್ಬಿಣ ದೇಹಕ್ಕೆ ಹೆಚ್ಚು ಹತ್ತುತ್ತದೆ, ಊಟವಾದೊಡನೆ ಕುಡಿಯುವ ಚಹಾ ಕಾಫಿಗಳು ಅದನ್ನು ತಡೆಯುತ್ತವೆ.

ಜಾಹೀರಾತುಗಳ ವಿಷಯದಲ್ಲಿ ಒಂದು ಮಾತು. 1945ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ನಿಯಮಗಳಿಗೆ 'ಜೆ' ಎಂಬ ಅನುಸೂಚಿಯಿದೆ. ಗುಣಪಡಿಸುವುದಾಗಿ ಔಷಧಗಳು ಹೇಳಿಕೊಳ್ಳಬಾರದ ವ್ಯಾಧಿಗಳ ಆ ಪಟ್ಟಿಯಲ್ಲಿ ಬೋಳುತನವೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ತಯಾರಕರ ಪರವಾನಗಿ ಸಂಖ್ಯೆ, ಘಟಕಗಳ ಹೆಸರು, ತಯಾರಾದ ದಿನಾಂಕ ಇಲ್ಲದ ಸೀಸೆಯನ್ನೂ, ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಭಸ್ಮವನ್ನೂ ಮುಟ್ಟದಿರುವುದು ಲೇಸು.

ಯೋಗ್ಯ ವೈದ್ಯರಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ವಡೋದರಾದ ಪಾಣಿಗೇಟಿನಲ್ಲಿ ಸರಕಾರಿ ಆಯುರ್ವೇದ ಕಾಲೇಜಿದೆ, ಅಹಮದಾಬಾದಿನಲ್ಲಿ ಅಖಂಡಾನಂದ ಕಾಲೇಜು, ಸೂರತ್ತಿನಲ್ಲಿ ಓ. ಎಚ್. ನಾಝರ್ ಕಾಲೇಜು ಇವೆ. ಜಾಮನಗರದ ಆಯುರ್ವೇದ ಸಂಸ್ಥೆಗೆ 2020ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂಬ ಸ್ಥಾನ ದೊರೆತಿದೆ. ಹೋಗುವಾಗ ಉದುರುವಿಕೆ ಆರಂಭವಾದ ತಿಂಗಳು, ಅದಕ್ಕೆ ಮೂರು ತಿಂಗಳ ಹಿಂದೆ ಬಂದ ಜ್ವರ ಅಥವಾ ಕಾಯಿಲೆ, ಸೇವಿಸುತ್ತಿರುವ ಔಷಧಗಳು, ತಂದೆ ಮತ್ತು ಸೋದರಮಾವಂದಿರ ತಲೆಯ ಸ್ಥಿತಿ, ಹಿಂದಿನ ರಕ್ತಪರೀಕ್ಷೆಗಳ ವರದಿ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಈವರೆಗೆ ಹಚ್ಚಿದ ಎಣ್ಣೆಗಳ ಹೆಸರನ್ನು ಹಾಳೆಯ ಕೊನೆಯಲ್ಲಿ ಬರೆಯಬಹುದು.